ಬಂಡೆಯ ಕಡೆಯ ಗೋಡೆ

ತಪ್ಪು ನಿಮ್ಮದಲ್ಲ, ಕಟ್ಟಡದ್ದು ಎಂದು ಮುಖ್ಯೋಪಾಧ್ಯಾಯ ನಾಗೇಶ್ ನಿನ್ನೆ ಸಂಜೆ ಹೇಳಿದ ಮಾತನ್ನು ಜಬೀನ್ ಬಸ್ಸಿನ ಕಿಟಕಿಗೆ ಹಣೆಯಾನಿಸಿಕೊಂಡು ಮತ್ತೊಮ್ಮೆ ಬಿಡಿಸಿ ನೋಡಿದಳು. ಅದರಲ್ಲಿ ದಯೆಯಿತ್ತು. ದಯೆಯ ಕೆಳಗೆ ಇನ್ನೇನೋ ಇತ್ತು, ಅದನ್ನು ಹೆಸರಿಟ್ಟು ಕರೆಯಲು ಅವಳಿಗೆ ಧೈರ್ಯವಾಗಲಿಲ್ಲ. ಬಸ್ಸು ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದಿತ್ತು. ಹತ್ತು ಗಂಟೆಗೆ ಪಾಲಕರ ಸಭೆ. ಸಭೆಯಲ್ಲಿ ಅವಳು ಏನನ್ನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕು. ಬಂಡೆಯ ಕಡೆಗೆ ತೆರೆದುಕೊಂಡಿರುವ ತರಗತಿಗಳಿಗೆ ಗೋಡೆ ಕಟ್ಟಿಸುವ ತೀರ್ಮಾನ ತಾನಾಗಿ ಆಗಿಬಿಡುತ್ತದೆ, ಆ ಗೋಡೆಯ ಹಿಂದೆ ಚಾರ್ವಿ ಎಂಬ ಹುಡುಗಿಯ ಮುರಿದ ಕೈಯ ವಿಷಯವೂ ಮುಚ್ಚಿಹೋಗುತ್ತದೆ. "ನೀವು ಹೊಸಬ್ರು ಮೇಡಂ, ಇನ್ನೂ ಕನ್ಫರ್ಮ್ ಆಗ್ಬೇಕು. ಯಾಕ್ ಸುಮ್ನೆ ಮೈಮೇಲೆ ಎಳ್ಕೋತೀರ?" ಎಂದಿದ್ದರು ನಾಗೇಶ್, ಟೇಬಲ್ಲಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತ. ಅವಳು ತಲೆಯಾಡಿಸಿ ಎದ್ದುಬಂದಿದ್ದಳು. ತಲೆಯಾಡಿಸಿದ್ದು ಒಪ್ಪಿಗೆಗೋ, ಅಲ್ಲಿಂದ ಬೇಗ ಹೊರಬೀಳುವುದಕ್ಕೋ? ಬಸ್‌ಸ್ಟಾಪಿಗೆ ಬರುವ ಹೊತ್ತಿಗೆ ಇವೆರಡನ್ನೂ ಬೇರ್ಪಡಿಸಲು ಆಗಲಿಲ್ಲ. ಹೊಸಬಳು. ಆ ಶಾಲೆಯ ಹೆಂಚಿಗೆ ಇನ್ನೂ ಪಾಚಿ ಕಟ್ಟುವ ಮೊದಲು, ಗಾರೆಯ ವಾಸನೆ ಆರುವ ಮೊದಲು, ಅಲ್ಲಿ ಕೂತು ಅ ಆ ಇ ಈ ತಿದ್ದಿದವಳು ಹೊಸಬಳು.

ಆಗ ಅಬ್ಬಾ ಜಿಯಾವುಲ್ಲಾರ ಸೈಕಲ್ ರಿಪೇರಿ ಅಂಗಡಿ ರಾಜಾನುಕುಂಟೆಯಲ್ಲೇ ಇತ್ತು. ಊರಾಚೆ ಲಕ್ಕಣ್ಣನವರ ಜಮೀನಿನಲ್ಲಿ ಆನೆಯ ಬೆನ್ನಿನಂಥದ್ದೊಂದು ಬಂಡೆ ಮಲಗಿತ್ತು. ರಾಗಿ ಬಿತ್ತುವುದಕ್ಕೆ ಬಾರದ ಜಾಗ. ಸುಗ್ಗಿಯಲ್ಲಿ ಊರವರೆಲ್ಲ ತೆನೆ ಹರಡುವುದಕ್ಕೆ, ಹುರುಳಿ ಒಣಗಿಸುವುದಕ್ಕೆ ಮಾತ್ರ ಆಗುತ್ತಿತ್ತು. ರತ್ನಕ್ಕ ಶಾಲೆ ತೆರೆಯುತ್ತೇನೆಂದು ಕೇಳಿದಾಗ ಲಕ್ಕಣ್ಣ ಅದನ್ನೇ ಕೊಟ್ಟರು, ಬಂಡೆಗೆ ಮದ್ದಿಟ್ಟು ಒಡೆಯಕೂಡದು ಎಂಬ ಒಂದೇ ಮಾತಿನ ಮೇಲೆ. ನಕ್ಷೆ ಬರೆಯಲು ಬಂದ ಗಿರಿ ಎಂಬ ತರುಣ ಒಂದು ಮಳೆಗಾಲ ಪೂರ್ತಿ ಕೊಡೆ ಹಿಡಿದು ಆ ಬಂಡೆಯ ಮೇಲೆ ಕೂತಿದ್ದನಂತೆ, ನೀರು ಎತ್ತ ಇಳಿಯುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ ಎಂದು ನೋಡುತ್ತ. ಊರವರು ಅವನಿಗೆ ತಲೆ ಕೆಟ್ಟಿದೆಯೆಂದು ಮಾತಾಡಿಕೊಂಡರು. ಕಟ್ಟಡ ಎದ್ದುನಿಂತಾಗ ಅದು ರಸ್ತೆಗೂ ಸಮನಾಗಿರಲಿಲ್ಲ, ದಿಕ್ಕುಗಳಿಗೂ ಸಮನಾಗಿರಲಿಲ್ಲ. ಬಂಡೆ ಹೇಗೆ ಮಲಗಿತ್ತೋ ಹಾಗೆ ಅದರ ಮಗ್ಗುಲಿಗೆ ಒರಗಿಕೊಂಡಿತ್ತು. ಪ್ರತಿ ತರಗತಿಗೂ ಮೂರು ಕಡೆ ಸೈಜುಗಲ್ಲಿನ ಗೋಡೆ, ಬಂಡೆಯ ಕಡೆ ಮಂಡಿಯೆತ್ತರದ ಒಂದು ಕಟ್ಟೆ ಮಾತ್ರ. ಮುಂದಕ್ಕೆ ಚಾಚಿದ ಹೆಂಚಿನ ಸೂರು ಎಷ್ಟು ಇಳಿದಿತ್ತೆಂದರೆ ಎಂಥ ಮಳೆಯಲ್ಲೂ ಎರಚಲು ಆ ಕಟ್ಟೆಯವರೆಗೆ ಬಂದು ನಿಲ್ಲುತ್ತಿತ್ತು. ಕಡಿಯಲು ಮನಸ್ಸು ಬಾರದ ಹೊಂಗೆಮರವೊಂದು ಎರಡನೆಯ ತರಗತಿಯ ಮೂಲೆಯಿಂದ ಮಾಡನ್ನು ತೂರಿಕೊಂಡು ಮೇಲೆ ಹೋಗಿತ್ತು. ಮೊದಲ ದಿನ ಜಬೀನ್ ಬಂಡೆಯ ಕಡೆ ಕೈತೋರಿಸಿ, ನೀರೆನ್ನಲು ಬಾರದೆ, ಮನೆಮಾತಿನಲ್ಲಿ "ಪಾನಿ" ಎಂದದ್ದಕ್ಕೆ ತರಗತಿಯೆಲ್ಲ ನಕ್ಕಿತು; ಅವಳು ಆ ಮರದ ಬುಡಕ್ಕೆ ಹೋಗಿ ಮುಖ ಒತ್ತಿ ನಿಂತಳು. ತೊಗಟೆಯ ಗುರುತು ಮಧ್ಯಾಹ್ನದವರೆಗೂ ಕೆನ್ನೆಯ ಮೇಲಿತ್ತು. ನಕ್ಕವರ ಹೆಸರುಗಳು ಈಗ ಮರೆತಿವೆ. ಆ ಗುರುತು ಮಾತ್ರ ಬೆರಳಿಟ್ಟು ತೋರಿಸುವಷ್ಟು ನೆನಪಿದೆ.

ಆ ಶಾಲೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿಯಿತ್ತು. ಮಳೆ ಹೆಂಚಿನ ಮೇಲೆ ಬಿದ್ದ ಕೂಡಲೇ ಪಾಠ ನಿಲ್ಲಬೇಕು. "ನನ್ ಗಂಟ್ಲು ಮಳೆ ಜೊತೆ ಪೈಪೋಟಿಗೆ ನಿಲ್ಲಲ್ಲ ಕಣ್ರೋ, ತಿರುಗಿ ಎಲ್ರೂ ಆ ಕಡೆ" ಎಂದು ರತ್ನಕ್ಕ ಸೀಮೆಸುಣ್ಣ ಕೆಳಗಿಡುತ್ತಿದ್ದರು. ಬೆಂಚುಗಳು ಸದ್ದುಮಾಡುತ್ತ ತಿರುಗುತ್ತಿದ್ದವು. ಮಕ್ಕಳು ಅದಕ್ಕೆ ಮಳೆ ಪೀರಿಯಡ್ ಎಂದು ಹೆಸರಿಟ್ಟರು. ಮೊದಲು ಬಂಡೆಯ ಬಣ್ಣ ಬದಲಾಗುವುದು, ಬೂದಿ ಹೋಗಿ ಕಪ್ಪಾಗುವುದು. ಸ್ವಲ್ಪ ಹೊತ್ತು ಏನೂ ಆಗದೆ ಬಂಡೆಯೇ ನೀರು ಕುಡಿಯುತ್ತಿರುವಂತೆ ಕಾಣುವುದು. ಆಮೇಲೆ ನೆತ್ತಿಯಿಂದ ಒಂದು ಬಿಳಿ ಎಳೆ ಹೊರಟು, ಅಲ್ಲಿ ತಡೆದು, ಇಲ್ಲಿ ಬಳಸಿ, ಇನ್ನೊಂದು ಎಳೆಯನ್ನು ಕೂಡಿಕೊಂಡು ಕೆಳಗಿನ ಕುಂಟೆಗೆ ಇಳಿಯುವುದು. ಮೊದಲ ಎಳೆಯನ್ನು ಕಂಡವರು ಕೂಗಬೇಕು. ಮಳೆ ತೆಳುವಾದ ಮೇಲೆ ರತ್ನಕ್ಕ, "ಹೋಗಿ ಮುಟ್ಟಿ ಬನ್ನಿ" ಎನ್ನುತ್ತಿದ್ದರು. ಅಷ್ಟೇ ಮಾತು. ಚಪ್ಪಲಿಗಳು ಮೊದಲೇ ಬಾಗಿಲಲ್ಲಿರುತ್ತಿದ್ದವು. ಎಲ್ಲರೂ ಬರಿಗಾಲಲ್ಲಿ ಕಟ್ಟೆ ದಾಟಿ, ಅಂಗಾಲಿನಿಂದ ಬಂಡೆಯನ್ನು ಕಚ್ಚಿಹಿಡಿದು ಏರಿ, ನೀರಿಗೆ ಅಂಗೈಯೊಡ್ಡಿ ಬರುತ್ತಿದ್ದರು. ಯಾವ ಭಾಷೆಯೂ ಬೇಕಾಗದ ಆ ಹೊತ್ತಿನಲ್ಲಿ ಜಬೀನ್ ಯಾರಿಗಿಂತಲೂ ಕಡಿಮೆಯಿರಲಿಲ್ಲ.

ಬಸ್ಸಿನ ಮುಂದೆ ಸಿಮೆಂಟು ಲಾರಿಯೊಂದು ತೆವಳುತ್ತಿತ್ತು. ಎರಡೂ ಬದಿಗೆ ಬಡಾವಣೆಗಳ ಕಮಾನುಗಳು, ಕಮಾನಿನಾಚೆ ಮನೆಗಳಿಲ್ಲದ ಬೀದಿದೀಪಗಳು. ತಾನು ಆ ಶಾಲೆಯನ್ನು ಪ್ರೀತಿಸುತ್ತಿದ್ದೇನೋ, ಅಥವಾ ಅಲ್ಲಿದ್ದ ತನ್ನನ್ನೋ ಎಂಬ ಪ್ರಶ್ನೆ ಬಂದಾಗ ಅವಳು ಅದನ್ನು ಪ್ರಯೋಗಶಾಲೆಯಲ್ಲಿ ಮಾಡುವಂತೆ ಎರಡಾಗಿ ವಿಂಗಡಿಸಲು ನೋಡಿದಳು, ಆಗಲಿಲ್ಲ. ಆ ಕಟ್ಟಡ ಅವಳಿಗೊಮ್ಮೆ ಮೋಸಮಾಡಿತ್ತಲ್ಲ! ರಂಜಾನ್ ತಿಂಗಳಲ್ಲಿ ಮಧ್ಯಾಹ್ನದ ನಮಾಜಿಗೆ ರತ್ನಕ್ಕ ಉಗ್ರಾಣದ ಪಕ್ಕದ ಓಣಿಯನ್ನು ಗುಡಿಸಿ ಕೊಡುತ್ತಿದ್ದರು. ಪಶ್ಚಿಮಕ್ಕೆ ಮುಖಮಾಡಿ ನಿಲ್ಲಲು ಮನೆಯಲ್ಲಿ ದಿಕ್ಕು ಹುಡುಕಬೇಕಾಗಿರಲಿಲ್ಲ, ಬೀರು ಇದ್ದ ಗೋಡೆಯೇ ಪಶ್ಚಿಮ. ಶಾಲೆಯಲ್ಲೂ ಹಿಂದಿನ ಗೋಡೆಯೇ ಪಶ್ಚಿಮವೆಂದು ಅವಳು ತಿಳಿದಳು. ಮನೆಯೆಂದರೆ, ಶಾಲೆಯೆಂದರೆ, ನಾಲ್ಕು ದಿಕ್ಕಿಗೆ ನಾಲ್ಕು ಗೋಡೆ ಎಂದಲ್ಲವೇ ಎಲ್ಲರೂ ತಿಳಿಯುವುದು. ಹಾಗೆ ಎಷ್ಟೋ ರಂಜಾನ್‌ಗಳು ಕಳೆದವು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಇದೇ ಶಾಲೆಗೆ ವಿಜ್ಞಾನ ಕಲಿಸಲು ಬಂದ ಮೊದಲ ತಿಂಗಳಲ್ಲಿ ಮಕ್ಕಳ ಕೈಗೆ ದಿಕ್ಸೂಚಿ ಕೊಟ್ಟು ಕಟ್ಟಡವನ್ನು ಅಳೆಯಿರಿ ಎಂದಾಗ, ಆ ಓಣಿಯ ಗೋಡೆ ನೈಋತ್ಯಕ್ಕೆ ತಿರುಗಿದೆಯೆಂದು ಗೊತ್ತಾಯಿತು. ಮಕ್ಕಳು ಗಲಾಟೆ ಮಾಡುತ್ತಿದ್ದರು. ಅವಳು ಮುಳ್ಳು ನಿಲ್ಲುವವರೆಗೆ ಕಾದು, ಮತ್ತೆ ತಿರುಗಿಸಿ, ಮತ್ತೆ ಕಾದಳು. ಆ ಸಂಜೆ ಅಮ್ಮಿಗೆ ಹೇಳಿದಳು. ಅವರೆಕಾಯಿ ಬಿಡಿಸುತ್ತಿದ್ದ ಮೆಹಬೂಬ್ ಬೀ ಕತ್ತು ಕೂಡ ಎತ್ತದೆ ನಕ್ಕರು. "ಅಗೇ ಮಾ, ಸೀದಾ ಖಡೀ ಥೀ ನಾ ತೂ? ತೋ ಬಸ್." ನೆಟ್ಟಗೆ ನಿಂತಿದ್ದೆ ತಾನೇ, ಅಷ್ಟಾದರೆ ಸಾಕು. ಅಮ್ಮಿಗೆ ಸಾಕಾಯಿತು. ದಶಮಾಂಶ ಬಿಂದುವಿನ ಆಚೆಗೂ ಅಂಕಿ ಬರೆಯುವ ಜಬೀನಳಿಗೆ ಸಾಕಾಗಲಿಲ್ಲ. ಅಷ್ಟು ವರ್ಷ ನಂಬಿ ನಿಂತದ್ದು ಒಂದು ಇಳಿಜಾರಿನ ಮಗ್ಗುಲಿಗೆ. ಆದರೂ ಮಾರನೆಯ ದಿನ ಆ ಓಣಿಯಲ್ಲಿ ಹಾದುಹೋಗುವಾಗ ಅವಳ ಹೆಜ್ಜೆ ತಾನಾಗಿ ನಿಧಾನವಾಯಿತು. ಕಟ್ಟಡದ ಮೇಲೆ ಸಿಟ್ಟು ಬರಲೇ ಇಲ್ಲ. ಪ್ರೀತಿಯೆಂದರೆ ಇಷ್ಟು ಅಶಿಸ್ತೇ ಎಂದು ಅವಳಿಗೆ ನಾಚಿಕೆಯಾಗಿತ್ತು.

ರಾಜಾನುಕುಂಟೆಯಲ್ಲಿ ಇಳಿದು ಮಣ್ಣಿನ ದಾರಿಗೆ ತಿರುಗಿದಾಗ ಹಿಂದಿನಿಂದ ಬಿಳಿ ಕಾರೊಂದು ಬಂದು ನಿಂತಿತು. ಲಕ್ಕಣ್ಣನವರ ಮಗ ಅಶ್ವತ್ಥ್. ಅಪ್ಪನ ಜಮೀನಿನಲ್ಲಿ ಬಡಾವಣೆಗಳನ್ನು ಎಬ್ಬಿಸಿದವನು, ರತ್ನಕ್ಕ ತೀರಿಕೊಂಡ ಮೇಲೆ ಶಾಲೆಯ ಟ್ರಸ್ಟಿನ ಅಧ್ಯಕ್ಷ.

"ಅತ್ತಿ ಮೇಡಂ, ಬಿಸ್ಲಲ್ಲಿ ಯಾಕ್ ನಡೀತೀರ."

ಹಿಂದಿನ ಸೀಟಿನಲ್ಲಿ ಟೈಲ್ಸಿನ ಮಾದರಿಗಳು ರಾಶಿಬಿದ್ದಿದ್ದವು. ಅವಳು ಮುಂದೆ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

"ನೀವೇನ್ ತಲೆ ಕೆಡಿಸ್ಕೋಬ್ಯಾಡಿ. ಮಗು ಬಿತ್ತು, ಆಗೋದೇ. ನಾನೂ ಬಿದ್ದಿಲ್ವಾ? ಗೋಣಿಚೀಲ ಆಕ್ಕೊಂಡು ಜಾರೋವು. ನನ್ ಚಡ್ಡಿ ಎಲ್ಲಾ ಆ ಬಂಡೇನೇ ತಿಂದಿದ್ದು." ಅವನು ತನ್ನ ಮಾತಿಗೆ ತಾನೇ ಜೋರಾಗಿ ನಕ್ಕ. "ಆದ್ರೆ ಈಗ್ನವ್ರು ಸುಮ್ಕಿರಲ್ಲ. ವಾಸ್ತು ಪ್ರಕಾರ ಮೂಲೆ ಸರಿಯಿಲ್ಲ, ಈಶಾನ್ಯ ಕಟ್ ಆಗ್ಯದೆ ಅಂತ ಒಬ್ಬ. ಆವು ಬರ್ತದೆ ಅಂತ ಒಬ್ಬ. ಇಂಗೆ ಒಂದು ಗೋಡೆ ಎತ್ತಿ, ಮೇಲೊಂದು ಗ್ಲಾಸ್ ಕಿಟ್ಕಿ ಕೊಟ್ರೆ ಎಲ್ಲರ ಬಾಯೂ ಮುಚ್ತದೆ."

"ನಿಮ್ ತಂದೆಯವ್ರು ಬಂಡೆ ಮುಟ್ಬಾರ್ದು ಅಂದಿದ್ರಲ್ವಾ ಸರ್?"

"ಎಲ್ ಮುಟ್ತೀವಿ ಮೇಡಂ?" ಅಶ್ವತ್ಥ್ ನಿಜವಾಗಿಯೂ ನೊಂದವನಂತೆ ಅವಳತ್ತ ನೋಡಿದ. "ಅಪ್ಪನ ಮಾತು ಮೀರ್ತೀನಾ? ಬಂಡೆ ಅದ್ರ ಪಾಡಿಗೆ ಇರ್ತದೆ. ಕಾಣ್ದಂಗ್ ಮಾಡ್ತೀವಿ, ಅಷ್ಟೇ."

ಗೇಟು ಬರುವವರೆಗೆ ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಕಳೆದ ಗುರುವಾರ ಎಂಟನೆಯ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದಳು. ಒಂದು ಮೈ ಇನ್ನೊಂದರ ಮೇಲೆ ಜಾರುವುದನ್ನು ತಡೆಯುವ ಬಲ; ಒದ್ದೆಯಾದರೆ ಅದು ಕಡಿಮೆಯಾಗುತ್ತದೆ; ತಳದಲ್ಲಿರುವ ವಸ್ತು ಯಾವುದು ಎಂಬುದನ್ನೂ ಅವಲಂಬಿಸಿರುತ್ತದೆ. ಇಷ್ಟನ್ನೂ ಬೋರ್ಡಿನ ಮೇಲೆ ಅಂದವಾದ ಅಕ್ಷರಗಳಲ್ಲಿ ಬರೆದಿದ್ದಳು. ಅಷ್ಟರಲ್ಲಿ ಮಳೆ. ಸೀಮೆಸುಣ್ಣ ಕೆಳಗಿಟ್ಟಳು, ಬೆಂಚುಗಳು ತಿರುಗಿದವು, ಮೊದಲ ಎಳೆ ಇಳಿಯಿತು. ಮಳೆ ತೆಳುವಾದಾಗ ಅವಳ ಬಾಯಿಂದ ಹೊರಟದ್ದು ಅವಳ ದನಿಯಾಗಿರಲಿಲ್ಲ. ಹೋಗಿ ಮುಟ್ಟಿ ಬನ್ನಿ. ಮಕ್ಕಳು ಕಟ್ಟೆ ಹಾರಿ ಓಡಿದರು. ಅವಳು ಬಂಡೆಯನ್ನೇ ನೋಡುತ್ತಿದ್ದಳು. ನೀರಿನ ಹಿಂದೆ ರತ್ನಕ್ಕನ ನೀಲಿ ಅಂಚಿನ ಸೀರೆ, ಅಬ್ಬಾರ ಅಂಗಡಿಯ ಗ್ರೀಸು ಮೆತ್ತಿದ ತನ್ನ ಲಂಗ, ಬರಿಗಾಲುಗಳು, ಬರಿಗಾಲುಗಳು. ಮಕ್ಕಳ ಕಾಲಿನಲ್ಲಿ ಶೂಗಳಿದ್ದುದನ್ನು ಅವಳು ಕಾಣಲಿಲ್ಲ. ಈಚಿನ ವರ್ಷಗಳಲ್ಲಿ ಯೂನಿಫಾರ್ಮಿಗೆ ಸೇರಿದ, ನುಣುಪು ತಳದ ಕಪ್ಪು ಶೂಗಳು. ದಿನಾ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಅವುಗಳಿಗೆ ಪಾಲಿಶ್ ಆಗಿದೆಯೇ ಎಂದು ಪರೀಕ್ಷಿಸುತ್ತಿದ್ದವಳೇ ಅವಳು. ಚಾರ್ವಿ ಬಿದ್ದ ಸದ್ದು ದೊಡ್ಡದೇನೂ ಆಗಿರಲಿಲ್ಲ. ತಿರುಗಬಾರದ ಕಡೆಗೆ ತಿರುಗಿದ್ದ ಮಣಿಕಟ್ಟು, ಅಳುವುದನ್ನೂ ಮರೆತ ಮಗುವಿನ ಮುಖ. ಜಬೀನ್ ಓಡಿದಳು ನಿಜ. ಆದರೆ ಓಡುವ ಮುನ್ನ, ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು, ಅವಳೊಳಗೆ ಎದ್ದದ್ದು ಗಾಬರಿಯಲ್ಲ, ಬೇಸರ: ಇಷ್ಟು ಬೇಗ ಮುಗಿಯಿತೇ ಎಂಬ ಬೇಸರ. ಆ ಕ್ಷಣವನ್ನು ಯಾರೂ ಕಂಡಿರಲಿಲ್ಲ. ಯಾರೂ ಕಾಣದ್ದರಿಂದಲೇ ಅದು ಇಷ್ಟು ದಿನವೂ ಹಾಗೇ ಉಳಿದುಕೊಂಡಿತ್ತು.

ಸಭೆ ಎಂಟನೆಯ ತರಗತಿಯಲ್ಲೇ ಸೇರಿತ್ತು. ದೊಡ್ಡವರು ಮಕ್ಕಳ ಬೆಂಚುಗಳಲ್ಲಿ ಮಂಡಿ ಎತ್ತಿಕೊಂಡು ಕೂತಿದ್ದರು. ಒಣಗಿದ ಬಂಡೆ ಹೊರಗೆ ಬೂದಿಬಣ್ಣಕ್ಕೆ ಮರಳಿತ್ತು. ನಾಗೇಶ್ ಗೋಡೆಯ ಅಗತ್ಯವನ್ನು ವಿವರಿಸಿದರು: ಹಳೆಯ ಕಾಲದ ವಿನ್ಯಾಸ, ತಡೆಯೇ ಇಲ್ಲದ ತರಗತಿ, ಮಳೆ ಬಂದರೆ ಮಕ್ಕಳು ಹೊರಗೆ ನುಗ್ಗುತ್ತವೆ, ಒಬ್ಬ ಶಿಕ್ಷಕಿ ಎಷ್ಟು ಜನರನ್ನು ಹಿಡಿದಾರು.

"ನಾಲ್ಕ್ ಹನಿ ಬಿದ್ರೆ ಪಾಠ ನಿಲ್ಲಿಸ್ತಾರಂತಲ್ಲ ಸಾರ್," ಎಂದ ಹಿಂದಿನ ಸಾಲಿನ ತಂದೆಯೊಬ್ಬ. "ಮಳೆ ನೋಡೋಕೆ ನಮ್ ಮನೇಲಿ ಬಾಲ್ಕನಿ ಇಲ್ವಾ?"

ನಗು ಎದ್ದಿತು. ಜಬೀನ್ ತನ್ನ ಬೆರಳುಗಳನ್ನು ನೋಡುತ್ತ ಕೂತಳು. ಸುಮ್ಮನೆ ಕೂತಿದ್ದರೆ ಸಾಕು. ಇನ್ನೇನು ಕೈಯೆತ್ತಿಸುತ್ತಾರೆ, ಚಹಾ ಬರುತ್ತದೆ.

ಆಗ ಮುಂದಿನ ಬೆಂಚಿನಿಂದ ಚಾರ್ವಿಯ ತಾಯಿ ಎದ್ದುನಿಂತಳು, ಇಂದು ಎಂದು ಅವಳ ಹೆಸರು. ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ. ಕೆಲಸದಿಂದ ನೇರವಾಗಿ ಬಂದವಳು, ಕೊರಳಲ್ಲಿ ಗುರುತಿನ ಪಟ್ಟಿ ಹಾಗೇ ಇತ್ತು. ಪಕ್ಕದಲ್ಲಿ ಚಾರ್ವಿ, ಪ್ಲಾಸ್ಟರಿನ ಕೈ ಜೋಲಿಯಲ್ಲಿ. ಅದರ ಮೇಲೆ ಗೆಳತಿಯರು ಬರೆದ ಬಣ್ಣಬಣ್ಣದ ಮೀನುಗಳು.

"ಬಿಲ್ಡಿಂಗು, ಬಿಲ್ಡಿಂಗು ಅಂತೀರಲ್ಲ ಸಾರ್, ಬಿಲ್ಡಿಂಗ್ ನನ್ ಮಗಳ ಕೈ ಹಿಡ್ದು ಕರ್ಕೊಂಡ್ ಹೋಯ್ತಾ?"

"ಹಾಗಲ್ಲಮ್ಮ, ಓಪನ್ ಇರೋದ್ರಿಂದ..."

"ನೀವ್ ತಡೀರಿ ಸಾರ್. ಮೇಡಂನ ಕೇಳ್ತೀನಿ." ಅವಳು ಜಬೀನಳತ್ತ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ರಾತ್ರಿಯ ಪಾಳಿ ಮುಗಿಸಿ ಬಂದವರ ದಣಿವಿತ್ತು. "ಇವ್ಳು ಬಿದ್ದಾಗ ನೀವ್ ಎಲ್ ನೋಡ್ತಿದ್ರಿ ಮೇಡಂ?"

ನಾಗೇಶ್ ಕೆಮ್ಮಿದರು. ಜಬೀನ್ ಎದ್ದಳು. ಹೇಳಬಹುದಾದ ಉತ್ತರಗಳು ಅವಳ ಮುಂದೆ ಅಚ್ಚುಕಟ್ಟಾಗಿ ಸಾಲುಗಟ್ಟಿದವು. ಒಂದೊಂದೂ ಅರ್ಧ ನಿಜವಾಗಿತ್ತು.

"ಬಂಡೇನ ನೋಡ್ತಿದ್ದೆ," ಎಂದಳು. "ಮಕ್ಳು ತಾವಾಗಿ ಹೋಗಿಲ್ಲ. ಹೋಗಿ ಮುಟ್ಟಿ ಬನ್ನಿ ಅಂತ ನಾನೇ ಕಳಿಸ್ದೆ. ಶೂ ಬಿಚ್ಚಿ ಅನ್ನೋದು ಮರ್ತೆ. ನಾವ್ ಓದೋ ಕಾಲದಲ್ಲಿ ಬರಿಗಾಲಲ್ಲಿ ಹೋಗ್ತಿದ್ವಿ. ನಂಗೆ ಕಂಡಿದ್ದು ಆ ಕಾಲುಗಳೇ. ಕಟ್ಟಡದ ತಪ್ಪಲ್ಲ. ನನ್ನದು."

ಕುಂಟೆಯ ಕಡೆಯಿಂದ ಒಂದು ಟಿಟ್ಟಿಭ ಹಕ್ಕಿ ಕೂಗಿ ಸುಮ್ಮನಾಯಿತು.

"ನಿಮ್ ಕಾಲ ನಿಮ್ಗೆ ಚೆನ್ನಾಗಿತ್ತು ಮೇಡಂ," ಎಂದಳು ಇಂದು. "ಇವ್ಳಿಗೆ ಇದೇ ಕಾಲ. ಇರೋದೊಂದೇ."

ಇದಕ್ಕಿಂತ ಬೈಗುಳ ಹಗುರಾಗಿರುತ್ತಿತ್ತು. ಜಬೀನ್ ತಲೆಯಾಡಿಸಿದಳು, ಈ ಸಲ ಯಾವುದಕ್ಕೆ ತಲೆಯಾಡಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

"ಓಗ್ಲಿ ಬಿಡಿ, ಮೇಡಂನೋರೇ ಒಪ್ಕೊಂಡ್ರಲ್ಲ," ಎಂದು ಅಶ್ವತ್ಥ್ ಎರಡೂ ಕೈ ಮೇಲೆತ್ತಿದ. "ಅದ್ಕೇ ಅನ್ನೋದು, ಗೋಡೆ ಆಕ್ಸಿದ್ರೆ ಯಾರಿಗೂ ತಲೆನೋವಿಲ್ಲ."

"ಗೋಡೆ ಹಾಕ್ಸಿದ್ರೆ ಇವ್ರು ಕಿಟ್ಕಿ ಹತ್ರ ನಿಂತು ಮಳೆ ನೋಡ್ತಾರೆ, ಮಕ್ಳು ಬಾಗ್ಲಿಂದ ಓಡ್ತವೆ. ಅಷ್ಟೇ ಅಲ್ವಾ ಅಣ್ಣ?" ಎಂದಳು ಇಂದು. ಯಾರೋ ನಕ್ಕರು, ಅವಳು ನಗಲಿಲ್ಲ. "ಇವ್ಳು ಮನೇಲಿ ಒಂದ್ ಮಾತು ಆಡೋಳಲ್ಲ. ಕೈ ಮುರ್ಕೊಂಡ್ ಬಂದ ದಿನ ರಾತ್ರಿ ಪೂರ್ತಿ ಆ ನೀರಿನ್ ಕಥೇನೇ. ಅದು ಹಿಂಗ್ ಬಂತು ಅಮ್ಮ, ಹಂಗ್ ತಿರುಗ್ತು ಅಮ್ಮ. ನೋವು ಅಂತ ಒಂದ್ ಸಲ ಅಂದಿದ್ರೆ ಕೇಳಿ." ಅವಳು ಬೆಂಚು ದಾಟಿ ಬಂದು, ಕಟ್ಟೆಯ ಮುಂದಿನ ನೆಲವನ್ನು ಕಾಲಿನಿಂದ ತಟ್ಟಿ ತೋರಿಸಿದಳು. "ಗೋಡೆ ಬೇಡ. ಮಳೆ ಬಂದ್ರೆ ಮೇಡಂ ಇಲ್ಲಿರ್ಬೇಕು. ಬೆನ್ನು ಬಂಡೆ ಕಡೆ, ಮುಖ ಮಕ್ಳ ಕಡೆ. ಮಳೆ ನಿಲ್ಲೋವರ್ಗೂ ತಿರುಗಂಗಿಲ್ಲ. ಆಗುತ್ತಾ ಮೇಡಂ?"

ಒಬ್ಬ ವಯಸ್ಕ ಹೆಂಗಸನ್ನು ತುಂಬಿದ ಸಭೆಯಲ್ಲಿ ಹೀಗೆ ನಿಲ್ಲಿಸುವುದು. ಏನನ್ನು ಕೇಳಲಾಗುತ್ತಿದೆಯೆಂದು ಆ ಕೋಣೆಯಲ್ಲಿ ಜಬೀನಳೊಬ್ಬಳಿಗೇ ಪೂರ್ತಿ ಅರ್ಥವಾಗಿತ್ತು.

"ಆಗುತ್ತೆ," ಎಂದಳು.

ಅಶ್ವತ್ಥ್ ತಲೆ ಕೆರೆದುಕೊಂಡ. ಈ ಮಳೆಗಾಲ ಮುಗಿಯುವವರೆಗೆ ನೋಡೋಣ, ಇನ್ನೊಂದು ಮಗು ಬಿದ್ದರೆ ಮಾರನೆಯ ದಿನವೇ ಇಟ್ಟಿಗೆ ಇಳಿಸುತ್ತೇನೆ ಎಂದ. ಕನ್ಫರ್ಮೇಶನ್ ವಿಷಯ ಆಮೇಲೆ ಮಾತಾಡೋಣ ಮೇಡಂ ಎಂದು ನಾಗೇಶ್ ಅವಳ ಕಣ್ಣು ತಪ್ಪಿಸಿ ಹೇಳಿದರು. ಚಹಾ ಬಂತು. ಯಾರೂ ಅವಳ ಪಕ್ಕಕ್ಕೆ ಬಂದು ಕೂರಲಿಲ್ಲ.

ಮಳೆ ಬುಧವಾರ ಬಂತು. ಊಟದ ನಂತರದ ಮೊದಲ ಪಾಠ. ನಂದಿಬೆಟ್ಟದ ಕಡೆ ಆಕಾಶ ಕಪ್ಪಾಗಿ, ಗಾಳಿ ತರಗೆಲೆಗಳನ್ನು ತರಗತಿಯೊಳಗೆ ತೂರಿ, ಹೆಂಚಿನ ಮೇಲೆ ಮೊದಲು ಒಂದೊಂದಾಗಿ, ಆಮೇಲೆ ಎಣಿಸಲಾಗದಂತೆ ಸದ್ದು ಸುರಿಯಿತು. ಬೆಂಚುಗಳು ತಿರುಗಿದವು. ಶೂಗಳು ಆಗಲೇ ಬಾಗಿಲ ಬಳಿ ಜೋಡಿಜೋಡಿಯಾಗಿದ್ದವು. ಜಬೀನ್ ಕಟ್ಟೆಯ ಮುಂದೆ ಹೋಗಿ, ಬಂಡೆಗೆ ಬೆನ್ನುಮಾಡಿ ನಿಂತಳು. ಹಿಂದಿನಿಂದ ತಂಪು ಬಂದು ಕತ್ತಿಗೆ ತಾಗಿತು. ಹಸಿಕಲ್ಲಿನ ವಾಸನೆ ಎದ್ದಿತು. ಈಗ ಬಣ್ಣ ಬದಲಾಗುತ್ತಿರಬೇಕು. ಈಗ ಬಂಡೆ ಕುಡಿಯುತ್ತಿರಬೇಕು. ತಿರುಗಬೇಕೆಂಬ ಆಸೆ ಹಸಿವಿನಂತೆ ಹೊಟ್ಟೆಯಿಂದಲೇ ಏಳುತ್ತಿತ್ತು. ಅವಳು ಎರಡೂ ಕೈಗಳನ್ನು ಹಿಂದೆ ಕಟ್ಟಿ ಮಕ್ಕಳ ಮುಖಗಳನ್ನು ನೋಡತೊಡಗಿದಳು. ಇಷ್ಟು ತಿಂಗಳು ಕಲಿಸಿಯೂ ಈ ಮುಖಗಳನ್ನು ಹೀಗೆ ನೋಡಿರಲಿಲ್ಲ. ಕಿಟಕಿಯ ಬದಿಯ ಹುಡುಗ ಬಾಯಿ ತೆರೆದಿದ್ದ. ಎರಡು ಜಡೆಯ ಹುಡುಗಿ ತುಟಿ ಕಚ್ಚಿಕೊಂಡಿದ್ದಳು. ಎಲ್ಲರ ಕಣ್ಣುಗಳೂ ಅವಳನ್ನು ದಾಟಿ ಎತ್ತರದಲ್ಲಿ ಒಂದೇ ಕಡೆ ನೆಟ್ಟಿದ್ದವು, ಕಾಯುತ್ತಿದ್ದವು. ಹಾಗೇ ಇದ್ದು, ಇದ್ದಕ್ಕಿದ್ದಂತೆ ಅಷ್ಟೂ ಕಣ್ಣುಗಳು ಕೂಡಿ ಕೆಳಗೆ ಸರಿಯತೊಡಗಿದವು, ನಿಧಾನವಾಗಿ, ಅಲ್ಲಿ ತಡೆದು, ಎಡಕ್ಕೆ ಬಳಸಿ.

"ಬಂತೂ!" ಎಂದು ಯಾರೋ ಕೂಗಿದರು.

"ಮಿಸ್," ಎಂದಳು ಚಾರ್ವಿ. ಮೀನುಗಳ ಕೈಯನ್ನು ಎದೆಗವಚಿಕೊಂಡು, ಜಬೀನಳ ಎಡಬಲಕ್ಕೆ ಕತ್ತು ಚಾಚುತ್ತಿದ್ದಳು. "ಮಿಸ್, ಸ್ವಲ್ಪ ಬಗ್ಗಿ ಮಿಸ್, ಕಾಣ್ತಿಲ್ಲ."

ಜಬೀನ್ ತಿರುಗಲಿಲ್ಲ. ಸೀರೆಯ ನೆರಿಗೆ ಒತ್ತಿಕೊಂಡು, ಮಕ್ಕಳಿಗೆದುರಾಗಿ, ತಣ್ಣನೆಯ ನೆಲದ ಮೇಲೆ ಕೂತಳು.